ಡಿಸ್ಕ್ ಡ್ರೈವೂ ಕಡ್ಲೆಪುರಿಯೂ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರು ಹೇಳಿದ್ದು ಯಾವತ್ತೂ ಕೇಳಿಸುತ್ತಿರಲಿಲ್ಲ. ಕಿವಿ ಮಂದ ಎಂದುಕೊಂಡೀರಿ, ಜೋಕೆ! ಚಿಕ್ಕಮ್ಮ ಸಕ್ಕರೆ ತನ್ನಿ ಎಂದು ನಾಲ್ಕು ಸಲ ಕೂಗಿದರೂ ಮಿಸುಕಾಡರು. ಪಕ್ಕದ ಮನೆಯ ಹೊಲಿಗೆ ಯಂತ್ರ ಒಮ್ಮೆ ಕಿರುಗುಟ್ಟಿದರೆ ಸಾಕು, ಎಣ್ಣೆ ಡಬ್ಬಿ ಹಿಡಿದು ಹೊರಟೇಬಿಡುವರು.

ಹೊಸಕೋಟೆಯಲ್ಲಿ ಬಸ್ಸು ಹತ್ತುವ ಮೊದಲು ಬಾನೆಟ್ಟಿಗೆ ಕಿವಿಯಿಟ್ಟು ಕೇಳಬೇಕು. ಸದ್ದು ಒಪ್ಪಿಗೆಯಾಗದಿದ್ದರೆ ಹತ್ತುವುದಿಲ್ಲ. ಒಮ್ಮೆ "ಇದು ಕೆ.ಆರ್.ಪುರ ದಾಟಲ್ಲ ಕಣಮ್ಮ" ಎಂದು ಸೀಟು ಹಿಡಿದಿದ್ದ ನನ್ನನ್ನೂ ಇಳಿಸಿದರು. ಆ ಬಸ್ಸು ನೆಟ್ಟಗೆ ಬೆಂಗಳೂರು ಮುಟ್ಟಿತು. ನಾವು ಹತ್ತಿದ ಮುಂದಿನ ಬಸ್ಸು ಕೆ.ಆರ್.ಪುರದಲ್ಲಿ ಕೆಟ್ಟು ನಿಂತಿತು. ಚಿಕ್ಕಪ್ಪ ನಾಚಿಕೊಂಡರೆ? "ಊರು ಸರಿಯಾಗೇ ಹೇಳಿದ್ನಲ್ಲ" ಎಂದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೆವು. ಅವರು ರಿಪೇರಿ ವಿಭಾಗದ ಮೆಕ್ಯಾನಿಕ್; ನಾನು ಕಂಪ್ಯೂಟರ್ ಕೋಣೆಯಲ್ಲಿ ಕಾರ್ಡ್ ಪಂಚ್ ಮಾಡುವ, ಅಂದರೆ ಯಂತ್ರ ಓದುವಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆಯುವ, ಹಂಗಾಮಿ ನೌಕರಳು. ಆಗಿನ ಡಿಸ್ಕ್ ಡ್ರೈವ್ ಎಂದರೆ ಸೊಂಟದೆತ್ತರದ ಪೆಟ್ಟಿಗೆ. ಊಟದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂತಿದ್ದ ಡಿಸ್ಕುಗಳ ಕಟ್ಟನ್ನು ಮುಚ್ಚಳ ತೆಗೆದು ಒಳಗೆ ಕೂರಿಸಬೇಕು. ಮೂರು ತಿಂಗಳು ನಾನು ಪಂಚ್ ಮಾಡಿದ ಬಿಡಿಭಾಗಗಳ ಪಟ್ಟಿಯೆಲ್ಲ ಅಂಥ ಒಂದು ಕಟ್ಟಿನಲ್ಲಿತ್ತು. ಕಾರ್ಡುಗಳು ಆಗಲೇ ರದ್ದಿಗೆ ಹೋಗಿದ್ದವು.

ಒಂದು ಸೋಮವಾರ ಡ್ರೈವ್ ಸ್ವಲ್ಪ ತಿರುಗಿ ನಿಂತುಬಿಟ್ಟಿತು. ಎಷ್ಟು ಸಲ ಚಾಲೂ ಮಾಡಿದರೂ ಅಷ್ಟೇ. ಶನಿವಾರ ಕೊನೆಗೆ ಅದರ ಮುಚ್ಚಳ ತೆಗೆದವಳು ನಾನು. ಸಾಲದ್ದಕ್ಕೆ, ನಾನು ತಿಂದು ಉಳಿಸಿದ್ದ ಕಡ್ಲೆಪುರಿ ಪೊಟ್ಟಣ ಪಕ್ಕದಲ್ಲೇ, ನಮ್ಮಿಬ್ಬರ ವಿಭಾಗಕ್ಕೂ ಮೇಲಧಿಕಾರಿಯಾಗಿದ್ದ ಸಾಹೇಬರ ಕೈಗೆ ಸಿಕ್ಕಿತು.

"ಧೂಳೇ ಬೀಳಬಾರದ ಕಡೆ ಪುರಿ ತಿಂದಿದ್ದೀಯಲ್ಲಮ್ಮ! ಡಿಸ್ಕ್ ಹಾಳಾಗಿದ್ರೆ ನಾಳೆಯಿಂದ ಬರಬೇಡ" ಎಂದರು.

ಡ್ರೈವ್ ಮಾರಿದ ಕಂಪನಿಯ ಎಂಜಿನಿಯರ್ ಮದರಾಸಿನಿಂದ ಬರಬೇಕಿತ್ತು. ಅಲ್ಲಿಯತನಕ ಚಿಕ್ಕಪ್ಪನೇ ನೋಡಲಿ ಎಂದು, ಪುರಿಯ ಕತೆಯನ್ನೂ ಹೇಳಿಕಳಿಸಿ, ಕರೆಸಿದರು. ಅವರು ಬರುವಷ್ಟರಲ್ಲಿ ಸಾಹೇಬರು ಕಟ್ಟನ್ನು ಎರಡನೇ ಡ್ರೈವಿಗೆ ಹಾಕಿ ನೋಡಲು ಹೊರಟಿದ್ದರು. ಚಿಕ್ಕಪ್ಪ ಅದನ್ನು ಅವರ ಕೈಯಿಂದ ಇಸಿದುಕೊಂಡು, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು.

"ಇದರಲ್ಲಿ ಗೀರು ಬಿದ್ದಿದ್ರೆ ಆ ಡ್ರೈವೂ ಕೆಡ್ತದೆ ಸಾರ್. ಮೊದ್ಲು ಕೆಟ್ಟಿರೋ ಡ್ರೈವ್ ಏನು ಹೇಳ್ತದೋ ಕೇಳ್ತೀನಿ."

ಕೆಟ್ಟ ಡ್ರೈವಿನಲ್ಲಿ ಹಳೆಯ ಖಾಲಿ ಕಟ್ಟೊಂದನ್ನು ಕೂರಿಸಿ, ಏಸಿ ನಿಲ್ಲಿಸಿ, ಪೆಟ್ಟಿಗೆಗೆ ಕಿವಿಯಿಟ್ಟರು. ಉಸಿರು ಜೋರಾಗಿ ಬಿಡಬೇಡಿ ಎಂದು ಸಾಹೇಬರಿಗೇ ಹೇಳಿದರು. ಪಾಪ, ಅವರು ಮೂಗು ಹಿಡಿದು ನಿಂತರು! ಮೂರು ಸಲ ಕೇಳಿ, ಹಿಂದೆ ಹೋಗಿ ಮೂಸಿ, ಹಿಂಬದಿಯ ತಗಡು ಬಿಚ್ಚಿದರು. ಒಳಗೆ ರಬ್ಬರ್ ಬೆಲ್ಟು ಸಡಿಲವಾಗಿ, ಸವೆದು ಮಿರಮಿರ ಮಿಂಚುತ್ತಿತ್ತು.

"ಸೂಲಿಬೆಲೆ ರಾಗಿ ಮಿಲ್ಲಲ್ಲೂ ಹಿಂಗೇ ಆಗ್ತಿತ್ತು. ಮೋಟಾರು ಓಡ್ತದೆ, ಬೆಲ್ಟು ಜಾರ್ತದೆ, ಕಲ್ಲು ನಿಧಾನ ಆಗ್ತದೆ. ಇದು ವೇಗ ಸಾಲ್ದೆ ತಾನೇ ನಿಂತ್ಬಿಡ್ತದೆ."

ವಿದೇಶಿ ಯಂತ್ರವನ್ನು ರಾಗಿ ಮಿಲ್ಲಿಗೆ ಹೋಲಿಸಿದ್ದು ಸಾಹೇಬರಿಗೆ ಸರಿಬರಲಿಲ್ಲ. ಆದರೂ ಬೀರುವಿನಿಂದ ಹೊಸ ಬೆಲ್ಟು ತೆಗೆದುಕೊಟ್ಟರು. ಅದನ್ನು ಹಾಕಿ, ನನ್ನ ಕಟ್ಟಿನ ಒಂದೊಂದು ಡಿಸ್ಕನ್ನೂ ಟಾರ್ಚ್ ಬಿಟ್ಟು ನೋಡಿ, ಗೀರಿಲ್ಲ ಎಂದು ಖಾತ್ರಿಯಾದ ಮೇಲೆ ಕೂರಿಸಿದರು. ಯಂತ್ರ ಗುಂಯ್ ಎಂದಿತು. ಹಸಿರು ದೀಪ ಹತ್ತಿತು. ಪ್ರಿಂಟರ್ ಕಟಕಟನೆ ಮೊದಲ ಪುಟದಿಂದ ಪಟ್ಟಿ ಉದುರಿಸತೊಡಗಿತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅಬ್ಬ, ಆ ಕಟಕಟದಷ್ಟು ಹಿತವಾದ ಸದ್ದನ್ನು ಮತ್ತೆ ಕೇಳಿಲ್ಲ! ಸಾಹೇಬರು ಸಾಕ್ಷಿಗೆಂದು ಎತ್ತಿಟ್ಟಿದ್ದ ಪುರಿ ಪೊಟ್ಟಣವನ್ನು ವಾಪಸು ಕೊಟ್ಟರು. ನಾನು ಉಳಿಸಿದ್ದರಲ್ಲೂ ಅರ್ಧ ಖಾಲಿಯಾಗಿತ್ತು.

ಸಂಜೆ ಸಾಹೇಬರು ನನ್ನನ್ನು ಕರೆದು ಒಂದು ಚೀಟಿ ಕೈಗಿಟ್ಟರು. ಯಂತ್ರ ಮುಟ್ಟುವ ಮೊದಲೇ ಚಿಕ್ಕಪ್ಪ ಅವರ ಮೇಜಿನ ಮೇಲೆ ಬರೆದಿಟ್ಟಿದ್ದರಂತೆ: "ಶನಿವಾರ ಕೊನೆಗೆ ಮುಚ್ಚಳ ತೆಗೆದವನು ನಾನು. ಪುರಿಯೂ ನನ್ನದೇ. ಹುಡುಗಿಯ ತಪ್ಪೇನೂ ಇಲ್ಲ."

"ಶನಿವಾರ ನಿಮ್ಮ ಚಿಕ್ಕಪ್ಪ ಮಧುರೆಗೆ ಮದುವೆಗೆ ಹೋಗಿದ್ರು ಕಣಮ್ಮ. ರಜಾ ಚೀಟಿಗೆ ಸಹಿ ಹಾಕ್ದೋನೇ ನಾನು" ಎಂದರು ಸಾಹೇಬರು.

ಹೊರಗೆ ನಲ್ಲಿಯ ಬಳಿ ಚಿಕ್ಕಪ್ಪ ಕೈ ತೊಳೆಯುತ್ತಿದ್ದರು. ಬೆರಳ ಸಂದಿಯ ಮಸಿ ಹೋಗುತ್ತಿರಲಿಲ್ಲ. ನಾನು ಸೋಪು ತೆಗೆದುಕೊಂಡು, ಅವರ ಕೈ ಹಿಡಿದು ಉಜ್ಜತೊಡಗಿದೆ.

"ಬಿಡಮ್ಮ, ನಾನೇ ತೊಳ್ಕೋತೀನಿ" ಎಂದರು.

ನಾನು ಬಿಡಲಿಲ್ಲ.