ಹಿಮ ಊದುವ ಯಂತ್ರಕ್ಕೆ ಹತ್ತಕ್ಕೆ ಹತ್ತು

ಅಂಕ ಕೊಡದೆ ನಾನು ಏನನ್ನೂ ಆರಿಸಿದವನಲ್ಲ. ಹಲ್ಲುಜ್ಜುವ ಬ್ರಷ್ ಕೊಳ್ಳುವ ಮೊದಲೂ ಲ್ಯಾಪ್‌ಟಾಪಿನಲ್ಲಿ ತಾರೀಖು ಹಾಕಿ, ಹಿಡಿ, ಕೂದಲು, ಬಣ್ಣ ಎಂದು ಮನೆಗಳನ್ನು ಮಾಡಿ, ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು ಬರೆದು ಕೂಡಿಸಿದರೇ ನನಗೆ ಸಮಾಧಾನ. "ಹಸಿವಾಗಿದ್ಯಾ ಅಂತ ಕೇಳಿದ್ರೂ ಇವನು ಟೋಟಲ್ ಹಾಕಿ ಹೇಳ್ತಾನೆ" ಎಂದು ಅಮ್ಮ ಬೆಂಗಳೂರಿನಿಂದ ಫೋನಿನಲ್ಲಿ ಎಲ್ಲರಿಗೂ ಸಾರುತ್ತಿರುತ್ತಾಳೆ. ಇಂಥ ಶಿಸ್ತಿನ ಮನುಷ್ಯ ತಪ್ಪು ಮಾಡಿದರೆ ಅದನ್ನೂ ಶಿಸ್ತಾಗಿಯೇ ಮಾಡುತ್ತಾನೆ ಎಂಬುದು ನನಗೆ ತಿಳಿದದ್ದು ಕಳೆದ ದಸರೆಯಲ್ಲಿ.

ನಾನು ಬಾಡಿಗೆಗಿರುವುದು ಸ್ಯಾನ್ ಡಿಯಾಗೋದಿಂದ ಮೂರು ಗಂಟೆ ದೂರದ ಚಾಟ್ಸ್‌ವರ್ತ್‌ನಲ್ಲಿ, ಧಾರವಾಡದ ಕುಲಕರ್ಣಿ ಅಂಕಲ್ ಮನೆಯ ಹಿತ್ತಿಲ ಕೋಣೆಯಲ್ಲಿ. ಆ ಹಿತ್ತಿಲಿನಲ್ಲಿ ಕ್ರಿಕೆಟ್ ಆಡಬಹುದು. ಚೆಂಡು ಮಾತ್ರ ವಾಪಸ್ ಸಿಗುವುದಿಲ್ಲ. ಎಲ್ಲೆಲ್ಲೂ ಮೊಣಕಾಲೆತ್ತರದ ಒಣಹುಲ್ಲು. ಅದರ ಮುಳ್ಳುತೆನೆ ಒಮ್ಮೆ ಬಟ್ಟೆಗೆ ಕಚ್ಚಿಕೊಂಡರೆ ಬಟ್ಟೆ ಹರಿದರೂ ತಾನು ಬಿಡುವುದಿಲ್ಲ. ಹೀಗಿರುವಾಗ ಕುಲಕರ್ಣಿ ಆಂಟಿ, ವಿಜಯದಶಮಿಯ ಸಂಜೆ ಬನ್ನಿ ಹಂಚಿಕೊಳ್ಳಲು ಸುತ್ತಲಿನ ಉತ್ತರ ಕರ್ನಾಟಕದ ಮನೆಗಳನ್ನೆಲ್ಲ ಅದೇ ಹಿತ್ತಿಲಿಗೆ ಕರೆದುಬಿಟ್ಟರು. "ಎಲ್ಲಾರೂ ರೇಷ್ಮಿ ಸೀರಿ ಉಟ್ಗೊಂಡು ಬರ್ತಾರ. ಒಂದ ಸೀರಿಗೆ ಒಂದ ಮುಳ್ಳು ಹತ್ತಿದ್ರೂ ನಾ ಆ ಮಂದಿಗೆ ಮಾರಿ ತೋರಸಂಗಿಲ್ಲ, ನಿಮ್ಮಿಬ್ಬರಿಗೆ ಊಟ ಹಾಕಂಗಿಲ್ಲ" ಎಂದು ಅಂಕಲ್‌ಗೂ ನನಗೂ ಒಟ್ಟಿಗೇ ಹೇಳಿದರು. ಮುಖ ತೋರಿಸುವ ವಿಷಯ ಹೇಗೋ ಆಗಲಿ, ಆಂಟಿಯ ಜೋಳದ ರೊಟ್ಟಿ ತಪ್ಪಿದರೆ ನನಗೆ ಉಳಿಯುವುದು ಫ್ರೀಜರಿನ ಪಿಜ್ಜಾ ಒಂದೇ.

ಯಾರನ್ನಾದರೂ ಕರೆಸಿ ಹುಲ್ಲು ತೆಗೆಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಂಕಲ್‌ಗೆ ಹಳೆಯ ಗಾರ್ಡನ್ ಟ್ರ್ಯಾಕ್ಟರಿನ ಹುಚ್ಚು. ಅದು ಹೊಲದ ಟ್ರ್ಯಾಕ್ಟರಿನ ಮರಿಯಂಥ ಯಂತ್ರ. ಅದಕ್ಕೆ ಏನು ಸಿಕ್ಕಿಸುತ್ತೇವೋ ಆ ಕೆಲಸ ಮಾಡುತ್ತದೆ. "ಈಗಿನವು ಬರೇ ಪ್ಲಾಸ್ಟಿಕ್ಕೋ ತಮ್ಮಾ. ಆಗಿನ ಕಬ್ಬಿಣ ಅಂದ್ರ ಒದ್ದವನ ಕಾಲ ಮುರೀತದ" ಎಂದರು, ಟ್ರ್ಯಾಕ್ಟರನ್ನು ಒದೆಯಲೆಂದೇ ಕೊಳ್ಳುವವರ ಹಾಗೆ. ಆರಿಸುವ ಹೊಣೆ ನನಗೆ ಬಂತು. ನಾನು ಪಟ್ಟಿ ಮಾಡಿದೆ.

ಸ್ಯಾನ್ ಡಿಯಾಗೋ ಆಚೆಯ ಒಂದು ಗುಡ್ಡದೂರಿನಲ್ಲಿ, ಹಿಮ ಬೀಳುವ ರಾಜ್ಯದಿಂದ ಬೆಚ್ಚಗಿರಲು ಬಂದ ಮುದುಕರೊಬ್ಬರು ನನಗಿಂತ ವಯಸ್ಸಾದ ಟ್ರ್ಯಾಕ್ಟರ್ ಮಾರುತ್ತಿದ್ದರು. ಟ್ರೇಲರ್ ಬಾಡಿಗೆಗೆ ಹಿಡಿದು ಹೋದೆವು. ಯಂತ್ರ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅದರ ಅಟ್ಯಾಚ್‌ಮೆಂಟುಗಳನ್ನು ಮುದುಕರು ಅಂಗಳದಲ್ಲಿ ಸಾಲಾಗಿ ಜೋಡಿಸಿದ್ದರು. ನಾನು ಬಗ್ಗಿ, ತಟ್ಟಿ, ಸ್ಥಿತಿ ನೋಡಿ ಅಂಕ ಕೊಟ್ಟೆ. ನೇಗಿಲಿಗೆ ಏಳು. ಹಿಂದೆ ಕಟ್ಟುವ ಗಾಡಿಗೆ ಎಂಟು. ಹಿಮ ಊದಿ ಎಸೆಯುವ ಯಂತ್ರವಂತೂ ಮದುವೆಯ ಪಾತ್ರೆಯಂತೆ ಫಳಫಳ, ಹತ್ತಕ್ಕೆ ಹತ್ತು. ಕೊನೆಯದು ಬೋರಲು ಹಾಕಿದ ಬೋಗುಣಿಯಂಥ, ತುಕ್ಕು ಹಿಡಿದ, ಅಂಚು ಸವೆದ ಒಂದು ವಸ್ತು. ಅದಕ್ಕೆ ಎರಡು ಕೊಟ್ಟದ್ದೇ ದಾಕ್ಷಿಣ್ಯಕ್ಕೆ. "ಇದು ನಿಜವಾಗಿಯೂ ಬೇಡವೇ?" ಎಂದು ಮುದುಕರು ಮತ್ತೆ ಮತ್ತೆ ಕೇಳಿದರು. ಉಳಿದದ್ದನ್ನೆಲ್ಲ ಟ್ರೇಲರಿಗೆ ಹೇರಿ, ಅದೊಂದು ಬೇಡವೆಂದೆ. ಅವರು ನಕ್ಕರು. ಬಹಳ ಸ್ನೇಹದ ಮನುಷ್ಯ ಎಂದುಕೊಂಡೆ.

ಮಹಾನವಮಿಯ ಮಧ್ಯಾಹ್ನ ಹುಲ್ಲು ಕೊಯ್ಯುವುದೆಂದು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಆಂಟಿ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಕೂತಿದ್ದಾರೆ: ಮಿಕ್ಸಿ, ಕಾರಿನ ಕೀ, ನನ್ನ ಲ್ಯಾಪ್‌ಟಾಪು, ಮೆಂತ್ಯದ ಸೊಪ್ಪು ಕೊಯ್ಯುವ ಕುಡುಗೋಲು, ಎಲ್ಲಕ್ಕೂ ಕುಂಕುಮ. ಆರತಿ ಮುಗಿಸಿ ಹಿತ್ತಿಲಿಗೆ ಬಂದು ಟ್ರ್ಯಾಕ್ಟರಿಗೂ ಹೂವೇರಿಸಿದರು. "ತಮ್ಮಾ, ಇದರಾಗ ಹುಲ್ಲು ಕೊಯ್ಯೂದು ಯಾವುದು? ಅದಕ್ಕ ಒಂದೀಟು ಜಾಸ್ತಿ ಕುಂಕುಮ ಹಚ್ತೀನಿ."

ಅಂಕಲ್ ನನ್ನನ್ನು ನೋಡಿದರು. ನಾನು ಹಿಮ ಊದುವ ಯಂತ್ರವನ್ನು ನೋಡಿದೆ. ಅದು ನೆತ್ತಿ ಸುಡುವ ಬಿಸಿಲಿನಲ್ಲಿ ಇನ್ನಷ್ಟು ಹೊಳೆಯಿತು. ಮುದುಕರಲ್ಲೇ ಬಿಟ್ಟು ಬಂದ ಆ ಬೋಗುಣಿಯೇ ಹುಲ್ಲು ಕೊಯ್ಯುವ ಭಾಗವೆಂದು ನನಗೆ ಆಗ ಅರ್ಥವಾಯಿತು.

"ನಡಿಯೋ, ಈಗ ಹೋಗಿ ತರೂಣು" ಎಂದು ಅಂಕಲ್ ಒಳಗೆ ಹೋಗಿ ಪೂಜೆಯಲ್ಲಿದ್ದ ಕಾರಿನ ಕೀಗೆ ಕೈ ಹಾಕಿದರು.

"ಮುಟ್ಟೀರಿ ಮತ್ತ! ಪೂಜಾ ಆದ ಆಯುಧ ನಾಳಿ ಮುಂಜಾನಿ ತನಕ ಅಲುಗಾಡಸಂಗಿಲ್ಲ."

ಮುದುಕರಿಗೆ ಫೋನಾದರೂ ಮಾಡೋಣವೆಂದು ನೋಡಿದರೆ ನನ್ನ ಫೋನಿನ ಹಣೆಯಲ್ಲೂ ಕುಂಕುಮ. "ಫೋನೂ ಆಯುಧಾನಾ ಆಂಟಿ?"

"ದಿನಾ ಅದರಾಗ ನಿಮ್ಮ ಮ್ಯಾನೇಜರ್ ಜೋಡಿ ಏನ ಜಗಳಾ ನಡಸ್ತಿ, ನಾ ಕೇಳೇನಿ. ಆಯುಧನ."

ದಶಮಿಯ ಬೆಳಗ್ಗೆ ಫೋನಿಗೆ ಬಿಡುಗಡೆಯಾದೊಡನೆ ಮುದುಕರಿಗೆ ಕರೆ ಮಾಡಿದೆ. ನಾವು ಹೊರಟ ಮೇಲೆ ಯಾರೋ ಬಂದು ಅದೊಂದನ್ನೇ ಕೇಳಿ ಒಯ್ದರಂತೆ. ಸವೆದಿತ್ತಲ್ಲ ಎಂದೆ. "ದಿನಾ ಕೆಲಸ ಮಾಡಿದರೆ ಸವೆಯದೆ ಇರುತ್ತದೆಯೇ?" ಎಂದರು. ಹಿಮದ ಯಂತ್ರವನ್ನು ಅವರು ಹಳೆಯ ಊರು ಬಿಡುವ ವರ್ಷವೇ ಕೊಂಡಿದ್ದರಂತೆ. ಇಲ್ಲಿ ಅದಕ್ಕೆ ಕೆಲಸವೇ ಬೀಳದ್ದರಿಂದ ಹೊಸದಾಗೇ ಉಳಿದಿತ್ತು. ನನ್ನ ಲೆಕ್ಕಾಚಾರದಲ್ಲಿ ಮೈಗಳ್ಳನಿಗೆ ಯಾವಾಗಲೂ ಮೊದಲ ಸ್ಥಾನ.

ಹುಲ್ಲು ಕೊಯ್ಯುವವರಿಗೆಲ್ಲ ಫೋನು ಮಾಡಿದೆವು. ಮುಂದಿನ ವಾರ ಬರುತ್ತೇವೆಂದರು. ಆಗ ಆಂಟಿ ಕುಂಕುಮ ಹಚ್ಚಿದ ಕುಡುಗೋಲನ್ನು ತಂದು ನನ್ನ ಕೈಗಿತ್ತರು.

ನಾನು ಕೊಯ್ಯುತ್ತ ಹೋದೆ. ಅಂಕಲ್ ಟ್ರ್ಯಾಕ್ಟರ್ ಏರಿ, ಹಿಂದೆ ಗಾಡಿ ಕಟ್ಟಿ, ನಾನು ಕೊಯ್ದಷ್ಟು ಹುಲ್ಲು ಹೇರುತ್ತ, ನನ್ನ ಬೆನ್ನಿಗೇ ಗುಡುಗುಡು ಬಂದರು. "ಲಗೂ ಕೊಯ್ಯೋ ತಮ್ಮಾ, ಗಾಡಿ ಖಾಲಿ ನಿಂತದ!" ಎಂದು ಮೇಲಿನಿಂದ ಹುರಿದುಂಬಿಸಿದರು.

ಸಂಜೆ ರೇಷ್ಮೆ ಸೀರೆಗಳು ಬಂದವು. ಒಂದಕ್ಕೂ ಮುಳ್ಳು ಹತ್ತಲಿಲ್ಲ. "ಎಷ್ಟ ಚಂದ ಕೊಯ್ದದಲ್ರೀ ನಿಮ್ಮ ಟ್ರ್ಯಾಕ್ಟರ್!" ಎಂದು ಬಂದವರೆಲ್ಲ ಅದರ ಬಾನೆಟ್ ತಟ್ಟಿದರು. "ಹಳೇ ಕಬ್ಬಿಣ ಅಲ್ರೀ" ಎಂದು ಅಂಕಲ್ ಮೀಸೆ ತೀಡಿದರು. ಆಂಟಿ ಮಾತ್ರ ಮೊದಲ ಬನ್ನಿ ಎಲೆಯನ್ನು ನನಗೇ ಕೊಡಲು ಬಂದರು. ಅಂಗೈ ತುಂಬ ಬೊಬ್ಬೆಗಳಿದ್ದುದರಿಂದ ಅದನ್ನು ಹಿಡಿಯಲಾಗದೆ ಜೇಬು ತೋರಿಸಿದೆ. ಅಲ್ಲೇ ಹಾಕಿ, "ರೊಟ್ಟಿ ಎರಡ ಜಾಸ್ತಿ ತಿನ್ನು" ಎಂದರು.

ಊಟ ಮುಗಿಸಿ ಬಂದು ಪಟ್ಟಿಗೆ ಹೊಸದೊಂದು ಸಾಲು ಸೇರಿಸಿದೆ. ಯಂತ್ರ: ಕುಡುಗೋಲು. ಅಟ್ಯಾಚ್‌ಮೆಂಟ್: ನಾನು. ಸೊಂಟ ಬಗ್ಗುತ್ತದೆ, ವಾಪಸ್ ಏಳುವಾಗ ಕರಕರ ಸದ್ದು. ಸ್ಥಿತಿಯ ಮನೆಯಲ್ಲಿ ಬಹಳ ಯೋಚಿಸಿ, ಹತ್ತಕ್ಕೆ ಎರಡು ಎಂದು ಬರೆದುಕೊಂಡೆ.