ಕಲ್ಯಾಣಿಯ ಹರಕು ಕನ್ನಡ

ಕಲ್ಯಾಣಿಗೆ ಕನ್ನಡ ತೀರಾ ಚೆನ್ನಾಗಿ ಬರುತ್ತಿತ್ತು. ಆ ಭಾನುವಾರದ ತೊಂದರೆಯೆಲ್ಲ ಶುರುವಾದದ್ದು ಅದರಿಂದಲೇ.

ಅವಳಪ್ಪ ಮಾಧವ ನೇಪಾಳದಿಂದ ಬಂದು ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದವನು. ಕಲ್ಯಾಣಿ ಹುಟ್ಟಿದ್ದು ಮಡಿವಾಳದಲ್ಲಿ. ತಾಯಿ ಬೇಗ ತೀರಿಹೋದ ಮೇಲೆ ಅವಳನ್ನು ಎತ್ತಿ ಆಡಿಸಿದ್ದು ಎದುರುಮನೆಯ ಮರಿಯಮ್ಮ. ಹೀಗಾಗಿ ಹುಡುಗಿಗೆ ಮಾತು, ಗಾದೆ, ಬೈಗುಳ ಎಲ್ಲವೂ ಮರಿಯಮ್ಮನವೇ ಬಂದಿದ್ದವು. ನೇಪಾಳವನ್ನು ಅವಳು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಟೀವಿ ಹಾಡಿನ ಸ್ಪರ್ಧೆಗೆ ಜೆ.ಪಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ ಆಯ್ಕೆ ಇತ್ತು. ಬೆಳಿಗ್ಗೆ ಗಂಟಲಿಗೆ ಒಳ್ಳೆಯದೆಂದು ಮರಿಯಮ್ಮ ಮೆಣಸಿನ ಕಷಾಯ ಕುಡಿಸಿ ಹುಡುಗಿಯ ಕಣ್ಣಲ್ಲಿ ನೀರು ಬರಿಸಿದಳು. ಮನೆ ಮಾಲೀಕ ತಿಮ್ಮರಾಯಪ್ಪ, ತೀರ್ಪುಗಾರರ ಕಾಲಿಗೆ ಬೀಳುವಾಗ ಬಲಗಡೆಯಿಂದ ಶುರುಮಾಡಬೇಕೆಂದು ಬುದ್ಧಿ ಹೇಳಿ, ತನ್ನ ಹಳೇ ವ್ಯಾನನ್ನೇ ತೆಗೆದ. ಎಲ್ಲರೂ ಮದುವೆ ದಿಬ್ಬಣದಂತೆ ಹೊರಟರು. ಮಾಧವ ಹೊಸ ಶರಟು ತೊಟ್ಟಿದ್ದ.

ಚಾನೆಲಿನ ಸಿದ್ಧಾರ್ಥ ಎಂಬವನು ಕಲ್ಯಾಣಿಯ ಮುಖ ನೋಡಿದ್ದೇ ಹಿಗ್ಗಿಹೋದ. ನೇಪಾಳಿ ಹುಡುಗಿಯ ಬಾಯಲ್ಲಿ ಕನ್ನಡ ಹಾಡು ಎಂದರೆ ಜನ ಮುಗಿಬಿದ್ದು ನೋಡುತ್ತಾರೆ ಎಂದ. ಆದರೆ ಅವಳು ನಾಲ್ಕು ಮಾತಾಡಿದ್ದೇ ತಡ, ಅವನ ಮುಖ ಮಜ್ಜಿಗೆಗೆ ಬಿದ್ದ ಹಪ್ಪಳದಂತೆ ಮೆತ್ತಗಾಯಿತು.

"ಮೇಡಂ, ಇಷ್ಟು ಚೆನ್ನಾಗಿ ಮಾತಾಡಿದ್ರೆ ಯಾರೂ ನಂಬಲ್ಲ. ಹಾಡು ಸರಿಯಾಗಿ ಹಾಡಿ, ಮಾತು ಮಾತ್ರ ಸ್ವಲ್ಪ ತಪ್ಪುತಪ್ಪಾಗಿ ಇರ್ಲಿ."

"ನಾನು ಇಲ್ಲೇ ಹುಟ್ಟಿದ್ದು ಸಾರ್."

"ಇಲ್ಲಿ ಬಂದಿರೋರೆಲ್ಲ ಇಲ್ಲೇ ಹುಟ್ಟಿರೋದು ಮೇಡಂ. ಅದರಲ್ಲಿ ಸ್ಟೋರಿ ಎಲ್ಲಿದೆ?"

ಒಪ್ಪದಿದ್ದರೆ ಸರದಿ ಕೊನೆಗೆ ಹೋಗುತ್ತದೆ, ಆಮೇಲೆ ಏನೂ ಹೇಳಲಾಗದು ಎಂದ. ಕಲ್ಯಾಣಿ ಒಪ್ಪಿದಳು. ಆದರೆ ಬರುವ ಭಾಷೆಯನ್ನು ಬಾರದಂತೆ ಆಡುವುದು ಸುಲಭವಲ್ಲ. ತಿಮ್ಮರಾಯಪ್ಪ ಹೇಳಿಕೊಟ್ಟದ್ದು ತಮಿಳಿನಂತೆ ಕೇಳಿಸಿತು. ಮರಿಯಮ್ಮ ಹೇಳಿಕೊಟ್ಟದ್ದು ಹಾಲುಗಲ್ಲದ ಮಗುವಿನ ತೊದಲಾಗಿತ್ತು.

ಹಾಡು ಮುಗಿದಾಗ ಮಂಟಪವೆಲ್ಲ ಚಪ್ಪಾಳೆ ತಟ್ಟಿತು. ಒಬ್ಬ ತೀರ್ಪುಗಾರರು ಕಣ್ಣೊರೆಸಿಕೊಂಡು, ಕನ್ನಡ ಹೇಗೆ ಕಲಿತಿರಿ ಎಂದು ಕೇಳಿದರು. ಕಲ್ಯಾಣಿಗೆ ಗೊತ್ತಿದ್ದ ಹರಕು ಕನ್ನಡ ಒಂದೇ. ಅದು ಅಪ್ಪನದು.

"ನಾನು ಹೊಸದಾಗಿ ಬಂತು ಸಾರ್," ಎಂದಳು. "ಒಂದು ದಿನ ಸಾಹೇಬರು ಕೇಳಿತು, ನನ್ನ ಹೆಂಡತಿ ಎಲ್ಲಿ ಅಂತ. ಮೇಡಂ ಹೋಗಿಬಿಟ್ಟಿತು ಅಂತ ನಾನು ಹೇಳಿತು. ಸಾಹೇಬರು ಅಳ್ತಾ ಓಡಿತು. ಮೇಡಂ ತರಕಾರಿಗೆ ಹೋಗಿತ್ತು."

ಮಂಟಪ ಬಿದ್ದು ಬಿದ್ದು ನಕ್ಕಿತು. ಅದು ಮಾಧವನಿಗೇ ನಡೆದದ್ದು. ಅವತ್ತು ಸಾಹೇಬರು ತಿರುಗಿ ಬಂದು ಅವನ ಕೆನ್ನೆಗೆ ಹೊಡೆದಿದ್ದರು. ಮಗಳೊಬ್ಬಳ ಹತ್ತಿರ ಬಿಟ್ಟು ಅವನು ಅದನ್ನು ಬೇರೆಲ್ಲೂ ಬಾಯಿಬಿಟ್ಟಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅವನು ನಗುತ್ತಿದ್ದವರನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ತಾನೂ ನಕ್ಕ.

ತೀರ್ಪುಗಾರರು ತಲೆಗೆ ತಲೆ ಸೇರಿಸಿ ಮಾತಾಡಿದರು. ಕಂಠ ದೈವದತ್ತ, ಆದರೆ ಇದು ಕನ್ನಡದ ವೇದಿಕೆ, ಭಾಷೆ ಕಲಿತು ಮುಂದಿನ ವರ್ಷ ಬನ್ನಿ ಎಂದರು.

ಕಲ್ಯಾಣಿ ಮೈಕ್ ಬಿಡಲಿಲ್ಲ. "ಸಾರ್, ನಾನು ಮಡಿವಾಳದಲ್ಲೇ ಹುಟ್ಟಿ ಬೆಳೆದವಳು. ನನಗೆ ಕನ್ನಡ ಬಿಟ್ರೆ ಬೇರೆ ಯಾವ ಭಾಷೆನೂ ಸರಿಯಾಗಿ ಬರಲ್ಲ."

ತೀರ್ಪುಗಾರರು ಮೆಚ್ಚಿ ತಲೆದೂಗಿದರು. "ನೋಡಿ, ಎಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಕೊಂಡ್ ಬಂದಿದ್ದಾರೆ."

ಜನ ಮತ್ತೆ ಚಪ್ಪಾಳೆ ತಟ್ಟಿದರು. ಎದ್ದು ನಿಂತು ಜಗಳಕ್ಕಿಳಿದ ತಿಮ್ಮರಾಯಪ್ಪನನ್ನು ಇಬ್ಬರು ಹಿಡಿದು ಹೊರಗೆ ಬಿಟ್ಟುಬಂದರು. ಪ್ರೋಮೋದಲ್ಲಿ ಆ ಹೆಂಡತಿಯ ಕತೆಯನ್ನು ಖಂಡಿತ ಹಾಕುತ್ತೇವೆ ಎಂದು ಸಿದ್ಧಾರ್ಥ ಬಾಗಿಲವರೆಗೂ ಬಂದು ಸಮಾಧಾನ ಹೇಳಿದ.

ವ್ಯಾನಿನಲ್ಲಿ ಕಲ್ಯಾಣಿ ಎರಡು ಸಲ "ಅಪ್ಪಾ" ಎಂದಳು. ಮಾಧವ ಅವಳ ತಲೆ ಸವರಿದ.

ಸಂಜೆ ಅವಳು ಊಟ ತೆಗೆದುಕೊಂಡು ಹೋದಾಗ ಅವನು ಗೇಟಿನ ಹತ್ತಿರ ಡ್ಯೂಟಿಯಲ್ಲಿದ್ದ. ಮೂರನೇ ಮಹಡಿಯ ಪ್ರೇರಣಾ ಬಾಲ್ಕನಿಯಿಂದ ಬಗ್ಗಿ, ನೀರಿನ ಟ್ಯಾಂಕರ್ ಬಂತಾ ಎಂದು ಕೇಳಿದರು. ಮಾಧವ ಬಾಯಿ ತೆರೆದ. ಮಗಳ ಕಡೆ ನೋಡಿದ. ಬಾಯಿ ಮುಚ್ಚಿಕೊಂಡು, ಬಂದಿದೆ ಎಂದು ಕೈಸನ್ನೆ ಮಾಡಿ ತೋರಿಸಿದ.