ಎರಡು ಉಪವಾಸ, ಒಂದು ಹೊಟ್ಟೆ

ಒಂದೇ ಹಸಿವನ್ನು ಇಬ್ಬರು ದೇವರಿಗೆ ಕೊಟ್ಟರೆ ಮೋಸವಾಗುತ್ತದೆಯೇ? ಸೋಮವಾರ ಬೆಳಿಗ್ಗೆ ಹಾಸಿಗೆಯಲ್ಲೇ ಕುಳಿತು ದ್ರೌಪತಿ ತನ್ನನ್ನು ತಾನೇ ಕೇಳಿಕೊಂಡಳು. ಅವಳು ಪಾಸಾದ ಬಿ.ಎ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ.

ಆ ವರ್ಷ, ಅಂದರೆ ೧೯೭೯ರಲ್ಲಿ, ಶ್ರಾವಣವೂ ರಮಜಾನೂ ಒಂದೇ ಬಸ್ಸಿನಿಂದಿಳಿದ ಬೀಗರಂತೆ ಜೋಡಿಯಾಗಿ ಬಸವಕಲ್ಯಾಣಕ್ಕೆ ಬಂದಿದ್ದವು. ಮಗಳಿಗೆ ಒಳ್ಳೆಯ ಗಂಡು ಸಿಗಲೆಂದು ತಾಯಿ ಶೇವಂತಾಬಾಯಿ ಅವಳಿಂದ ಶ್ರಾವಣ ಸೋಮವಾರದ ಉಪವಾಸ ಮಾಡಿಸುತ್ತಿದ್ದಳು. ಪಕ್ಕದ ಮನೆಯ ಗೆಳತಿ ಸುಗ್ರಾ ಈದ್ ಮುಗಿದರೆ ಮದುವೆಯಾಗಿ ಹುಮನಾಬಾದಿಗೆ ಹೋಗುವವಳು.

"ನಾ ಹೋಗೂದ್ರಾಗ ಒಂದ್ ರೋಜಾ ನನ್ನ ಜೋಡಿ ಹಿಡೀಲೇ. ಸೋಮಾರ ಹಿಡೀ," ಅಂದಿದ್ದಳು.

ಯಾರಿಗೂ ಇಲ್ಲ ಅನ್ನಲು ಬಾರದ ದ್ರೌಪತಿ ಇಬ್ಬರಿಗೂ ಹೂಂ ಅಂದಿದ್ದಳು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳಿರಲಿಲ್ಲ. ಹೇಳಿದರೆ ಯಾರಾದರೊಬ್ಬರ ಮನಸ್ಸು ನೋಯುವುದು ಖಂಡಿತ. ಹೇಗಿದ್ದರೂ ಉಪವಾಸವೆಂದರೆ ಉಪವಾಸ, ಯಾರ ಹೆಸರಿನದಾದರೇನು ಎಂಬುದು ಅವಳ ಅಂದಾಜು.

ಅಂದಾಜು ಚಹಾದ ಹೊತ್ತಿಗೇ ತಪ್ಪಿತು. ರಮಜಾನಿನ ಉಪವಾಸವಾದ ರೋಜಾದಲ್ಲಿ ಹೊತ್ತು ಮುಳುಗುವವರೆಗೆ ಗುಟುಕು ನೀರೂ ಇಲ್ಲ. ಶೇವಂತಾಬಾಯಿಯ ಉಪವಾಸದಲ್ಲಿ ಅನ್ನ, ರೊಟ್ಟಿ ಬಿಟ್ಟು ಉಳಿದದ್ದೆಲ್ಲ ಉಂಟು.

"ಕುಡೀ. ಉಪಾಸಕ್ಕ ಚಾ ನಡೀತದ."

"ಆರಲೆವ್ವ."

ಆರಿದ ಚಹಾ ಕರಿಬೇವಿನ ಗಿಡದ ಪಾಲಾಯಿತು. ಆಮೇಲೆ ಬಾಳೆಹಣ್ಣು ಬಂತು, ಹುರಿದ ಶೇಂಗಾ ಬಂತು. ಮಧ್ಯಾಹ್ನ ಆಲೂಗಡ್ಡೆ ಹಾಕಿದ ಸಾಬುದಾಣಿ ಖಿಚಡಿ ತಾಟು ತುಂಬ ಬಂತು. ಉಪವಾಸವಿಲ್ಲದ ದಿನ ಆ ಮನೆಯಲ್ಲಿ ಇಷ್ಟು ತಿನಿಸು ಇರುತ್ತಿರಲಿಲ್ಲ.

ತುಪ್ಪದ ವಾಸನೆಗೆ ದ್ರೌಪತಿಯ ಹೊಟ್ಟೆ ಕಮ್ಮಾರನ ತಿದಿಯಂತೆ ಒಳಹೋಗಿ ಹೊರಬಂತು. ತಾಟು ಹಿಡಿದು ಹಿತ್ತಿಲಿಗೆ ಓಡಿದಳು. ಗೋಡೆಯಾಚೆ ಸುಗ್ರಾಳ ತಾಯಿ ವಜೀರಬಿಯ ಆಡು ಕಟ್ಟಿತ್ತು. ಅದಕ್ಕೆ ಯಾವ ವ್ರತವೂ ಇರಲಿಲ್ಲ. ಗೋಡೆಯ ಮೇಲಿಂದ ಚಾಚಿದ ತಾಟಿನಲ್ಲಿ ಆಡು ಅರ್ಧ ತಿನ್ನುವಷ್ಟರಲ್ಲಿ ಒಳಗಿನಿಂದ ತಾಯಿ ಕೂಗಿದಳು. ಗಾಬರಿಗೆ ತಾಟೇ ಕೈಜಾರಿ ಆಚೆ ಬಿತ್ತು.

"ತಿಂದ್ಯಾ?"

"ಹೂಂ."

ಸಂಜೆ ಶೇವಂತಾಬಾಯಿ ಗುಡಿಗೆ ಹೋದದ್ದೇ ತಡ, ಸುಗ್ರಾ ಬಂದು ಗೆಳತಿಯನ್ನು ತನ್ನ ಮನೆಗೆ ಎಳೆದೊಯ್ದಳು. ಅಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಮೊದಲ ರೋಜಾ ಹಿಡಿದ ಮಕ್ಕಳಿಗೆ ಮಾಲೆ ಹಾಕಿ ಸಂಭ್ರಮಿಸುವುದು ಅವರ ರೂಢಿ. ಮಕ್ಕಳೆಂದರೆ ಏಳೆಂಟು ವರ್ಷದವರು. ಅಷ್ಟೆತ್ತರದ ದ್ರೌಪತಿ ಕೊರಳಲ್ಲಿ ಮಲ್ಲಿಗೆ ಮಾಲೆ ಹಾಕಿಸಿಕೊಂಡು, ಹರಾಜಿಗಿಟ್ಟ ಬೀರುವಿನಂತೆ ನಡುಮನೆಯಲ್ಲಿ ನಿಂತಳು.

ರೋಜಾ ಬಿಡುವ ಸಂಜೆಯ ಅಜಾನ್‌ಗೆ ಇನ್ನೂ ತುಸು ಹೊತ್ತಿತ್ತು. ಮಗಳನ್ನು ಹುಡುಕುತ್ತ ಶೇವಂತಾಬಾಯಿ ಬಂದಳು.

"ನಿಮ್ಮ ಮಗಳು ರೋಜಾ ಹಿಡದಾಳ್ರಿ ಬಾಯಿ," ಅಂದಳು ವಜೀರಬಿ.

"ಯಾರು, ಇಕಿನಾ? ಮಧ್ಯಾಹ್ನ ಸಾಬುದಾಣಿ ತಾಟ ಬಳದ ತಿಂದಾಳ್ರಿ."

ಸುಗ್ರಾಳ ಮುಖ ಬಾಡಿತು. ವಜೀರಬಿ ಮಾತ್ರ ಒಳಗಿಂದ ಒಂದು ತಾಟು ತಂದಳು. ಖಾಲಿ ತಾಟು ಮರಳಿಸಬಾರದೆಂದು ಅದರಲ್ಲಿ ಭಜಿ ತುಂಬಿದ್ದಳು. ಅಂಚಿನಲ್ಲಿ ಶೇವಂತಾಬಾಯಿಯ ಹೆಸರು ಕೊರೆದಿತ್ತು.

"ಇದೇ ತಾಟ ಏನ್ರಿ? ನಮ್ಮ ಆಡಿನ ಮುಂದ ಬಿದ್ದಿತ್ತು."

"ಹಂಗಾರ ಪುಣ್ಯ ಆಡಿಗಿ ಬಂತು," ಅಂದಳು ಎದುರುಮನೆಯ ಸುಂದರಬಾಯಿ.

ಈಗ ಶೇವಂತಾಬಾಯಿಯ ಮುಖ ಬಾಡಿತು. "ನಾ ಮಾಡಿದ್ದು ಆಡಿಗಿ ಹಾಕಿ, ತಿಂದೀನಿ ಅಂತ ಸುಳ್ಳ ಹೇಳಿದಿ? ಇದ್ಯಾವ ಸೋಮಾರ?"

"ತಾಯಿಗಿ ಸುಳ್ಳ ಹೇಳಿ ರೋಜಾ ಹ್ಯಾಂಗಾತದ ಬೇಟಿ?" ವಜೀರಬಿಯೂ ಆ ಕಡೆ ಸೇರಿದಳು. ಮಾಲೆ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. "ನಾಳಿ ಹೊಸದಾಗಿ ಹಿಡೀಲಿ."

"ಹಿಡೀಲ್ರಿ, ನಾನೇ ಎಬ್ಬಸ್ತೀನಿ. ಮುಂದಿನ ಸೋಮಾರ ನೀವು ಕಾವಲ ಕೂಡ್ರಿ," ಅಂದಳು ಶೇವಂತಾಬಾಯಿ.

ಅಜಾನ್ ಕೇಳಿಸಿತು. ಎಲ್ಲರೂ ಖರ್ಜೂರಕ್ಕೆ ಕೈಹಾಕಿದರು. ಎರಡೂ ಉಪವಾಸ ಲೆಕ್ಕಕ್ಕಿಲ್ಲದವಳ ಕೈಗೆ ಖರ್ಜೂರ ಕೊಡಬೇಕೆಂದು ಯಾರಿಗೂ ನೆನಪಾಗಲಿಲ್ಲ. ತಾಯಂದಿರಿಬ್ಬರೂ ಭಜಿಯ ತಾಟನ್ನು ನಡುವೆ ಇಟ್ಟುಕೊಂಡು ಅವಳತ್ತ ನೋಡಿದರು.

"ಎರಡೂ ಮಾಡ್ತಿಯಲ್ಲ?"

ಹೂಂ ಎಂಬುದು ರೂಢಿಯಂತೆ ಗಂಟಲವರೆಗೆ ಬಂತು. ದ್ರೌಪತಿ ಅದನ್ನು ನುಂಗಿದಳು. ಇಡೀ ದಿನದಲ್ಲಿ ಅವಳು ನುಂಗಿದ್ದು ಅದೊಂದೇ.

"ನನಗ ಹಸಿವ್ಯಾಗ್ಯದ," ಅಂದಳು.